ಮನುಕುಲದ ಅತಿ ದೊಡ್ಡ ತಲೆ ಯಾರದು? ಹೆಸರು ಆರಿಸುವ ಮೊದಲು ಅಳತೆ ಆರಿಸಿ

ಈ ವಾದ ಒಮ್ಮೆ ಶುರುವಾದರೆ ಮುಗಿಯುವುದೇ ಇಲ್ಲ. ಒಬ್ಬರು ಐನ್‌ಸ್ಟೈನ್ ಅನ್ನುತ್ತಾರೆ, ಇನ್ನೊಬ್ಬರು ನ್ಯೂಟನ್ ಅನ್ನುತ್ತಾರೆ, ಮೂರನೆಯವರು ಲಿಯೊನಾರ್ಡೊ ಡಾ ವಿಂಚಿಯ ಹೆಸರು ತರುತ್ತಾರೆ. ಗಣಿತ ಸ್ವಲ್ಪ ಜಾಸ್ತಿ ಓದಿಕೊಂಡವರು ವಾನ್ ನ್ಯೂಮನ್ ಅಂತ ಕಡ್ಡಿ ಮುರಿದ ಹಾಗೆ ಹೇಳಿಬಿಡುತ್ತಾರೆ. ಯಾರೂ ಸೋಲುವುದಿಲ್ಲ, ಯಾಕಂದರೆ ಎಲ್ಲರ ಕೈಯಲ್ಲೂ ಬೇರೆ ಬೇರೆ ತಕ್ಕಡಿ ಇದೆ. ಒಬ್ಬರಿಗೆ ತಲೆ ಎಷ್ಟು ಬೇಗ ಓಡುತ್ತದೆ ಅನ್ನುವುದು ಮುಖ್ಯ. ಇನ್ನೊಬ್ಬರಿಗೆ ಎಷ್ಟು ಆಳಕ್ಕೆ ಇಳಿಯಿತು ಅನ್ನುವುದು. ಮತ್ತೊಬ್ಬರಿಗೆ ಎಷ್ಟು ವಿಷಯಗಳಲ್ಲಿ ಕೈ ಆಡಿಸಿದರು ಅನ್ನುವುದು.

ಹಾಗಾಗಿ ಮೊದಲು ಅಳತೆ ಯಾವುದು ಅಂತ ತೀರ್ಮಾನ ಮಾಡಿಕೊಳ್ಳಿ. ಆಮೇಲೆ ಹೆಸರು ಹೆಚ್ಚು ಕಡಿಮೆ ತಾನಾಗಿಯೇ ಬರುತ್ತದೆ. ನಾನು ಬಹಳ ವರ್ಷ ನ್ಯೂಟನ್ ಪರ ವಾದ ಮಾಡಿದವನು. ಈಗ ಮನಸ್ಸು ಬದಲಾಗಿದೆ. ಬದಲಾಗಿದ್ದು ಹೊಸದೇನೋ ಓದಿದ್ದರಿಂದ ಅಲ್ಲ, ಅಳತೆ ಬದಲಾಯಿಸಿದ್ದರಿಂದ. ಅದು ಹೇಗೆ ಅಂತ ಹೇಳುತ್ತೇನೆ.

ಐಕ್ಯೂ ಪಟ್ಟಿಗಳನ್ನು ಪಕ್ಕಕ್ಕಿಡಿ

ನ್ಯೂಟನ್ ಐಕ್ಯೂ ಇಷ್ಟು, ಲಿಯೊನಾರ್ಡೊ ಐಕ್ಯೂ ಅಷ್ಟು ಅಂತ ಹೇಳುವ ಪಟ್ಟಿಗಳನ್ನು ನೀವೂ ನೋಡಿರುತ್ತೀರಿ. ಐಕ್ಯೂ ಪರೀಕ್ಷೆ ಹುಟ್ಟಿದ್ದೇ 20ನೇ ಶತಮಾನದ ಶುರುವಿನಲ್ಲಿ. ಅದಕ್ಕೂ ನೂರಾರು ವರ್ಷ ಮೊದಲು ತೀರಿಕೊಂಡವರಿಗೆ ಅಂಕ ಎಲ್ಲಿಂದ ಬಂತು? ಇಂಥ ಅಂಕಗಳನ್ನು ಕೊಟ್ಟ ಪ್ರಸಿದ್ಧ ಪ್ರಯತ್ನ ಕ್ಯಾಥರಿನ್ ಕಾಕ್ಸ್ ಎಂಬ ಮನಶ್ಶಾಸ್ತ್ರಜ್ಞೆಯದು. 1926ರಲ್ಲಿ ಅವರು 301 ಪ್ರಸಿದ್ಧರ ಬಾಲ್ಯದ ಬಗ್ಗೆ ಸಿಕ್ಕ ದಾಖಲೆಗಳನ್ನೆಲ್ಲ ಓದಿಸಿ, ಇವರ ಬುದ್ಧಿ ಇಷ್ಟಿದ್ದಿರಬಹುದು ಅಂತ ಅಂದಾಜು ಮಾಡಿಸಿದರು. ಬಾಲ್ಯದ ಬಗ್ಗೆ ಯಾರಾದರೂ ಚೆನ್ನಾಗಿ ಬರೆದಿಟ್ಟಿದ್ದರೆ ಅಂಕ ಜಾಸ್ತಿ, ಬಡವರ ಮನೆಯಲ್ಲಿ ಹುಟ್ಟಿ ದಾಖಲೆಯೇ ಇಲ್ಲದಿದ್ದರೆ ಅಂಕ ಕಡಿಮೆ. ಕಮ್ಮಾರನ ಮಗ ಮೈಕಲ್ ಫ್ಯಾರಡೆಗೆ ಆದದ್ದು ಇದೇ. ಅದು ಬುದ್ಧಿಯ ಅಳತೆ ಅಲ್ಲ, ಕಾಗದಪತ್ರದ ಅಳತೆ.

ಬದುಕಿದ್ದವರ ಮೇಲೆ ನಡೆದ ಪರೀಕ್ಷೆಯೂ ನಮ್ಮ ಪ್ರಶ್ನೆಗೆ ಉತ್ತರ ಕೊಡಲಿಲ್ಲ. 1921ರಲ್ಲಿ ಲೂಯಿಸ್ ಟರ್ಮನ್ ಕ್ಯಾಲಿಫೋರ್ನಿಯಾದಲ್ಲಿ ಐಕ್ಯೂ ಜಾಸ್ತಿ ಇದ್ದ 1,500ಕ್ಕೂ ಹೆಚ್ಚು ಮಕ್ಕಳನ್ನು ಆರಿಸಿಕೊಂಡು ಅವರ ಬದುಕನ್ನು ದಶಕಗಳ ಕಾಲ ಗಮನಿಸಿದರು. ಬಹಳಷ್ಟು ಜನ ಒಳ್ಳೆಯ ಕೆಲಸಗಳಿಗೆ ಹೋದರು, ಚೆನ್ನಾಗಿ ಬಾಳಿದರು. ಆದರೆ ನೊಬೆಲ್ ಬಹುಮಾನ ಒಬ್ಬರಿಗೂ ಬರಲಿಲ್ಲ. ಅಂಕ ಸಾಲದು ಅಂತ ಅದೇ ಗುಂಪಿನಿಂದ ಹೊರಗುಳಿದ ವಿಲಿಯಂ ಶಾಕ್ಲಿಗೆ 1956ರಲ್ಲಿ, ಲೂಯಿಸ್ ಆಲ್ವಾರೆಜ್‌ಗೆ 1968ರಲ್ಲಿ ಭೌತಶಾಸ್ತ್ರದ ನೊಬೆಲ್ ಬಂತು. 1909ರಲ್ಲಿ 11ನೇ ವಯಸ್ಸಿಗೇ ಹಾರ್ವರ್ಡ್ ಸೇರಿದ ವಿಲಿಯಂ ಸೈಡಿಸ್ ಕಥೆಯೂ ಹೀಗೆಯೇ. ಅವನ ಐಕ್ಯೂ 250ರ ಮೇಲಿತ್ತು ಅನ್ನುವ ಮಾತಿಗೆ ಯಾವ ದಾಖಲೆಯೂ ಇಲ್ಲ. ಆ ಹುಡುಗನನ್ನು ಪತ್ರಿಕೆಗಳು ಬಿಡದೆ ಬೆನ್ನಟ್ಟಿದವು. ಅವನು ದೊಡ್ಡವನಾದ ಮೇಲೆ ಜನರ ಕಣ್ಣಿಗೆ ಬೀಳದ ಸಣ್ಣಪುಟ್ಟ ಕೆಲಸ ಹುಡುಕಿಕೊಂಡ. ಅವನ ಬಗ್ಗೆ ಓದುವಾಗಲೆಲ್ಲ ನನಗೆ ಸಂಕಟವಾಗುತ್ತದೆ.

ವೇಗ ಬೇಕಾ, ಆಳ ಬೇಕಾ

ವೇಗವೇ ನಿಮ್ಮ ಅಳತೆ ಆದರೆ ಜಾಸ್ತಿ ಯೋಚನೆ ಬೇಡ. ಜಾನ್ ವಾನ್ ನ್ಯೂಮನ್ ಅಂತ ಬರೆದುಕೊಳ್ಳಿ. 1903ರಲ್ಲಿ ಬುಡಾಪೆಸ್ಟ್‌ನಲ್ಲಿ ಹುಟ್ಟಿ 1957ರಲ್ಲಿ, ಬರೀ 53 ವರ್ಷಕ್ಕೆ ಕ್ಯಾನ್ಸರ್‌ನಿಂದ ತೀರಿಕೊಂಡರು. ಅಷ್ಟರೊಳಗೆ ಕ್ವಾಂಟಂ ಸಿದ್ಧಾಂತಕ್ಕೆ ಗಟ್ಟಿ ಗಣಿತದ ಬುನಾದಿ, ಎದುರಾಳಿಗಳ ನಡುವಿನ ಆಯ್ಕೆಗಳನ್ನು ಲೆಕ್ಕಕ್ಕೆ ತರುವ ಗೇಮ್ ಥಿಯರಿ, ಇವತ್ತಿನ ಕಂಪ್ಯೂಟರ್‌ಗಳ ಒಳಜೋಡಣೆಯನ್ನು ವಿವರಿಸಿದ 1945ರ ವರದಿ, ತನ್ನನ್ನು ತಾನೇ ನಕಲು ಮಾಡಿಕೊಳ್ಳುವ ಯಂತ್ರದ ಕಲ್ಪನೆ, ಇಷ್ಟೂ ಬಂದವು. ಒಂದು ಮುಗಿದ ಮೇಲೆ ಇನ್ನೊಂದು ಅಂತಲೂ ಅಲ್ಲ, ಒಂದರ ಜೊತೆಯಲ್ಲೇ ಇನ್ನೊಂದು.

ಅವರ ವೇಗ ಎಂಥದ್ದು ಅಂತ ತಿಳಿಯಲು ನನಗೆ ಈ ಒಂದು ಘಟನೆ ಸಾಕು. 1930ರ ಸೆಪ್ಟೆಂಬರ್‌ನಲ್ಲಿ ಕೋನಿಗ್ಸ್‌ಬರ್ಗ್‌ನ ಒಂದು ಸಭೆಯಲ್ಲಿ 24 ವರ್ಷದ ಕರ್ಟ್ ಗೋಡೆಲ್ ಮೆಲ್ಲಗೆ ಒಂದು ಮಾತು ಹೇಳಿದರು: ಗಣಿತದಲ್ಲಿ ನಿಜವಾಗಿದ್ದರೂ ಆ ವ್ಯವಸ್ಥೆಯ ಒಳಗೇ ಸಾಧಿಸಿ ತೋರಿಸಲು ಆಗದ ಹೇಳಿಕೆಗಳಿವೆ. ಅಲ್ಲಿದ್ದ ಹೆಚ್ಚಿನವರಿಗೆ ಅದರ ತೂಕ ಗೊತ್ತಾಗಲಿಲ್ಲ. ವಾನ್ ನ್ಯೂಮನ್‌ಗೆ ಗೊತ್ತಾಯಿತು. ಸಭೆ ಮುಗಿದ ಮೇಲೆ ಗೋಡೆಲ್ ಜೊತೆ ಮಾತಾಡಿ ಹೋದವರು, ನವೆಂಬರ್‌ನಲ್ಲಿ ಒಂದು ಕಾಗದ ಬರೆದರು. ಅದರಲ್ಲಿ ಅವರು ಒಂದು ಹೆಜ್ಜೆ ಮುಂದೆ ಹೋಗಿ, ಅಂಥ ವ್ಯವಸ್ಥೆ ತನ್ನಲ್ಲಿ ವಿರೋಧ ಇಲ್ಲ ಅಂತ ತಾನೇ ಸಾಧಿಸಲಾರದು ಅನ್ನುವುದನ್ನೂ ಕಂಡುಕೊಂಡಿದ್ದರು. ಇವತ್ತು ನಾವು ಗೋಡೆಲ್‌ರ ಎರಡನೇ ಪ್ರಮೇಯ ಅನ್ನುವುದು ಅದನ್ನೇ. ಆದರೆ ಗೋಡೆಲ್ ಆಗಲೇ ಅದನ್ನು ಬರೆದು ಪ್ರಕಟಣೆಗೆ ಕಳಿಸಿಬಿಟ್ಟಿದ್ದರು. ವಾನ್ ನ್ಯೂಮನ್ ಒಂದು ತಕರಾರೂ ಇಲ್ಲದೆ ಹಿಂದೆ ಸರಿದರು.

ಇದೇ ಘಟನೆಯನ್ನು ಇನ್ನೊಂದು ಕಡೆಯಿಂದ ನೋಡಿ. ಮೊದಲ ಕಿಡಿ ಯಾರದು? ಗೋಡೆಲ್‌ರದು. ವಾನ್ ನ್ಯೂಮನ್ ಕೂಡ ಅದೇ ಕ್ಷೇತ್ರದಲ್ಲಿ ಹಿಂದೆ ಕೆಲಸ ಮಾಡಿದ್ದರು, ಅವರಿಗೆ ಅದು ಹೊಳೆದಿರಲಿಲ್ಲ. ಕಿಡಿ ಕಂಡ ಮೇಲೆ ಅವರಷ್ಟು ಬೇಗ ಬೆಂಕಿ ಹಚ್ಚುವವರು ಯಾರೂ ಇರಲಿಲ್ಲ. ಶಾಲೆಯ ದಿನಗಳಿಂದ ಅವರನ್ನು ಬಲ್ಲ ಯೂಜೀನ್ ವಿಗ್ನರ್, ತಾವೇ ನೊಬೆಲ್ ಪಡೆದವರು, ಇದನ್ನೇ ಬರೆದಿದ್ದಾರೆ. ತಾನು ಕಂಡ ಎಲ್ಲ ದೊಡ್ಡವರಲ್ಲಿ ವಾನ್ ನ್ಯೂಮನ್‌ರಷ್ಟು ಚುರುಕಾದ ತಲೆ ಇನ್ನೊಂದಿಲ್ಲ, ಆದರೆ ಐನ್‌ಸ್ಟೈನ್‌ರ ತಿಳಿವಳಿಕೆ ಅದಕ್ಕಿಂತ ಆಳದ್ದು, ಅದಕ್ಕಿಂತ ಹೊಸತು ಅನ್ನುವುದು ಅವರ ಮಾತಿನ ಸಾರ. ಇಬ್ಬರನ್ನೂ ಹತ್ತಿರದಿಂದ ಕಂಡವರ ಮಾತು ಇದು. ನಾನು ಇದಕ್ಕೆ ಬಹಳ ಬೆಲೆ ಕೊಡುತ್ತೇನೆ.

ಆಳ ಅಂದರೆ ಏನು ಅಂತ ತಿಳಿಯಲು ಐನ್‌ಸ್ಟೈನ್‌ರ 1905ನ್ನು ಸ್ವಲ್ಪ ಬಿಡಿಸಿ ನೋಡಬೇಕು. ಎಲ್ಲರೂ ಆ ವರ್ಷ ಅಂದರೆ ರಿಲೇಟಿವಿಟಿ ಅನ್ನುತ್ತಾರೆ. ನನ್ನ ಲೆಕ್ಕದಲ್ಲಿ ಆ ವರ್ಷದ ದಿಟ್ಟ ಕೆಲಸ ಅದಲ್ಲ. ಭೌತವಿಜ್ಞಾನಿ ಲೊರೆಂಟ್ಸ್ 1904ರಲ್ಲೇ ಬೇಕಾದ ಸಮೀಕರಣಗಳನ್ನು ಬರೆದಿದ್ದರು, ಗಣಿತಜ್ಞ ಪ್ವಾಂಕರೆ 1905ರಲ್ಲಿ ಬಹಳ ಹತ್ತಿರ ಬಂದಿದ್ದರು. ಐನ್‌ಸ್ಟೈನ್ ಇಲ್ಲದಿದ್ದರೂ ಕೆಲವೇ ವರ್ಷಗಳಲ್ಲಿ ಯಾರಾದರೂ ಅಲ್ಲಿಗೆ ತಲುಪುತ್ತಿದ್ದರು. ದಿಟ್ಟತನ ಇದ್ದದ್ದು ಬೆಳಕು ಕಣಗಳ ಹಾಗೆ ತುಣುಕು ತುಣುಕಾಗಿ ಬರುತ್ತದೆ ಅಂದ ಲೇಖನದಲ್ಲಿ. ಅದನ್ನು ಹೆಚ್ಚು ಕಡಿಮೆ ಯಾರೂ ನಂಬಲಿಲ್ಲ. 1913ರಲ್ಲಿ ಅವರನ್ನು ಪ್ರಷ್ಯನ್ ಅಕಾಡೆಮಿಗೆ ಸೇರಿಸಿಕೊಳ್ಳಿ ಅಂತ ಶಿಫಾರಸು ಬರೆದ ಮ್ಯಾಕ್ಸ್ ಪ್ಲಾಂಕ್ ಮತ್ತು ಸಂಗಡಿಗರು, ಈ ಬೆಳಕಿನ ವಿಷಯದಲ್ಲಿ ಗುರಿ ತಪ್ಪಿದ್ದಾರೆ, ಅದನ್ನು ದೊಡ್ಡದು ಮಾಡಬೇಡಿ ಅಂತ ಕೇಳಿಕೊಂಡಿದ್ದರು. ಕ್ವಾಂಟಂ ಅನ್ನುವ ಮಾತನ್ನು ಶುರು ಮಾಡಿದ ಪ್ಲಾಂಕ್ ಅವರೇ! 1923ರಲ್ಲಿ ಕಾಂಪ್ಟನ್‌ರ ಪ್ರಯೋಗ ಬಂದ ಮೇಲೆಯೇ ಹೆಚ್ಚಿನವರು ಒಪ್ಪಿದ್ದು. 18 ವರ್ಷ ಹೆಚ್ಚು ಕಡಿಮೆ ಒಬ್ಬರೇ ನಿಂತು ಸರಿ ಇದ್ದದ್ದು, ಅಲ್ವಾ?

ಆಮೇಲೆ 1915ರ ನವೆಂಬರ್. ಬುಧಗ್ರಹದ ಕಕ್ಷೆ ಪ್ರತಿ ಶತಮಾನಕ್ಕೆ 43 ಆರ್ಕ್ ಸೆಕೆಂಡ್‌ನಷ್ಟು (ಒಂದು ಡಿಗ್ರಿಯನ್ನು 3,600 ಭಾಗ ಮಾಡಿದರೆ ಒಂದು ಭಾಗ ಒಂದು ಆರ್ಕ್ ಸೆಕೆಂಡ್) ಹೆಚ್ಚಾಗಿ ತಿರುಗುತ್ತದೆ, ನ್ಯೂಟನ್ ಲೆಕ್ಕದಲ್ಲಿ ಅದಕ್ಕೆ ಉತ್ತರ ಇರಲಿಲ್ಲ. ಐನ್‌ಸ್ಟೈನ್‌ರ ಹೊಸ ಗುರುತ್ವ ಸಿದ್ಧಾಂತದಲ್ಲಿ ಆ 43 ಎಲ್ಲಿಂದಲೂ ತಂದು ಸೇರಿಸದೆ, ತಾನಾಗಿಯೇ ಬಂತು. ಇಲ್ಲಿ ಗಣಿತದ ಸಹಾಯ ಗೆಳೆಯ ಮಾರ್ಸೆಲ್ ಗ್ರಾಸ್‌ಮನ್‌ರದ್ದು, ಕೊನೆಯ ವಾರಗಳಲ್ಲಿ ಗಣಿತಜ್ಞ ಡೇವಿಡ್ ಹಿಲ್ಬರ್ಟ್ ಬೆನ್ನ ಹಿಂದೆಯೇ ಇದ್ದರು. ಆದರೆ ಹಿಲ್ಬರ್ಟ್ ಆ ದಾರಿಗೆ ಬಂದದ್ದೇ ಆ ಬೇಸಿಗೆಯಲ್ಲಿ ಐನ್‌ಸ್ಟೈನ್ ಗೋಟಿಂಗೆನ್‌ನಲ್ಲಿ ಕೊಟ್ಟ ಉಪನ್ಯಾಸ ಕೇಳಿದ ಮೇಲೆ. ಗುರುತ್ವ ಅಂದರೆ ಬಾಗಿದ ದೇಶಕಾಲ ಅನ್ನುವ ಯೋಚನೆ ಬೇರೆ ಯಾರ ತಲೆಯಲ್ಲೂ ಇರಲಿಲ್ಲ. ಆಳವೇ ಅಳತೆ ಆದರೆ ಐನ್‌ಸ್ಟೈನ್‌ರನ್ನು ಇಳಿಸುವುದು ಬಹಳ ಕಷ್ಟ. ಕೊನೆಯ 30 ವರ್ಷ ಎಲ್ಲ ಬಲಗಳನ್ನೂ ಒಂದೇ ಸಿದ್ಧಾಂತಕ್ಕೆ ತರಲು ಹೋಗಿ ಸೋತರು ಅಂತ ಕೆಲವರು ಅಂಕ ಕಳೆಯುತ್ತಾರೆ. ನಾನು ಕಳೆಯುವುದಿಲ್ಲ. ಆ ಕೆಲಸ ಇವತ್ತಿಗೂ ಯಾರ ಕೈಲೂ ಆಗಿಲ್ಲ.

ನ್ಯೂಟನ್

ಈಗ ನನ್ನ ಹಳೆಯ ಆಯ್ಕೆಗೆ ಬರುತ್ತೇನೆ. ಸೇಬಿನ ಕಥೆ ಬಿಡಿ. ನ್ಯೂಟನ್‌ನ ದೊಡ್ಡತನ ನೋಡಬೇಕಾದರೆ 1684ಕ್ಕೆ ಹೋಗಬೇಕು. ಲಂಡನ್‌ನಲ್ಲಿ ಹ್ಯಾಲಿ, ಹುಕ್, ರೆನ್ ಎಂಬ ವಿಜ್ಞಾನಿಗಳು ಮೂವರೂ ಕೂತು ಮಾತಾಡುತ್ತಿದ್ದರು. ಸೂರ್ಯನ ಸೆಳೆತ ದೂರದ ವರ್ಗಕ್ಕೆ ತಕ್ಕಂತೆ ಕಡಿಮೆಯಾಗುತ್ತದೆ ಅನ್ನುವ ಊಹೆ ಮೂವರಿಗೂ ಇತ್ತು. ಹಾಗಿದ್ದರೆ ಗ್ರಹದ ದಾರಿ ದೀರ್ಘವೃತ್ತವೇ ಆಗಬೇಕು ಅಂತ ಸಾಧಿಸುವುದು ಹೇಗೆ? ರೆನ್ 2 ತಿಂಗಳ ಗಡುವು ಕೊಟ್ಟು 40 ಶಿಲಿಂಗ್ ಬೆಲೆಯ ಪುಸ್ತಕವನ್ನು ಬಹುಮಾನ ಅಂತ ಇಟ್ಟರು. ಹುಕ್ ತನಗೆ ಗೊತ್ತು ಅಂದರು, ತೋರಿಸಲಿಲ್ಲ. ಆಗಸ್ಟ್‌ನಲ್ಲಿ ಹ್ಯಾಲಿ ಕೇಂಬ್ರಿಡ್ಜ್‌ಗೆ ಹೋಗಿ ಇದೇ ಪ್ರಶ್ನೆ ಕೇಳಿದಾಗ ನ್ಯೂಟನ್ ತಡಮಾಡದೆ ದೀರ್ಘವೃತ್ತ ಅಂದರು. ಹೇಗೆ ಗೊತ್ತು ಅಂದರೆ, ಲೆಕ್ಕ ಮಾಡಿದ್ದೇನೆ ಅಂದರು. ಆದರೆ ಆ ಕಾಗದ ಹುಡುಕಿದರೆ ಸಿಗಲಿಲ್ಲ! ಜಗತ್ತೇ ಹುಡುಕುತ್ತಿದ್ದ ಉತ್ತರ ಅವರ ಕೋಣೆಯ ಯಾವುದೋ ಮೂಲೆಯಲ್ಲಿ ಬಿದ್ದಿತ್ತು. ಮತ್ತೆ ಬರೆಯಲು ಕೂತವರು 9 ಪುಟ ಕಳಿಸಿದರು. ಅದೇ ಬೆಳೆದು 1687ರಲ್ಲಿ ಪ್ರಿನ್ಸಿಪಿಯಾ ಆಯಿತು. ಕೆಳಗೆ ಬೀಳುವ ಕಲ್ಲಿಗೂ, ಚಂದ್ರನಿಗೂ, ಸಮುದ್ರದ ಉಬ್ಬರ ಇಳಿತಕ್ಕೂ ಒಂದೇ ನಿಯಮ.

ಇನ್ನೊಂದು ಘಟನೆ ನನಗೆ ಬಹಳ ಇಷ್ಟ. 1696ರಲ್ಲಿ ಯೋಹಾನ್ ಬೆರ್ನೂಲಿ ಯುರೋಪಿನ ಗಣಿತಜ್ಞರಿಗೆಲ್ಲ ಒಂದು ಸವಾಲು ಹಾಕಿದರು. ಒಂದು ಮಣಿ ಮೇಲಿನ ಬಿಂದುವಿನಿಂದ ಕೆಳಗಿನ ಬಿಂದುವಿಗೆ ಅತಿ ಬೇಗ ಜಾರಿ ಬರಬೇಕಾದರೆ ದಾರಿ ಯಾವ ಆಕಾರದಲ್ಲಿರಬೇಕು? ಗಡುವು 6 ತಿಂಗಳು, ಆಮೇಲೆ ಅದನ್ನೂ ಮುಂದೂಡಿದರು. ನ್ಯೂಟನ್ ಆಗ 54 ವರ್ಷದವರು, ಗಣಿತ ಬಿಟ್ಟು ಲಂಡನ್‌ನ ಟಂಕಸಾಲೆಯಲ್ಲಿ ಕೆಲಸಕ್ಕಿದ್ದರು. 1697ರ ಜನವರಿಯಲ್ಲಿ ಒಂದು ದಿನ ಸಂಜೆ ಸುಸ್ತಾಗಿ ಮನೆಗೆ ಬಂದಾಗ ಪ್ರಶ್ನೆ ಕೈಗೆ ಸಿಕ್ಕಿತು. ಬೆಳಗಾಗುವುದರೊಳಗೆ ಉತ್ತರ ಸಿದ್ಧ. ಹೆಸರಿಲ್ಲದೆ ಅಚ್ಚಾದ ಆ ಉತ್ತರ ನೋಡಿ, ಪಂಜದ ಗುರುತಿನಿಂದಲೇ ಸಿಂಹ ಯಾವುದು ಅಂತ ಗೊತ್ತಾಗುತ್ತದೆ ಅಂದರಂತೆ ಬೆರ್ನೂಲಿ.

ಅಂದರೆ ನ್ಯೂಟನ್‌ಗೆ ವೇಗವೂ ಇತ್ತು, ಆಳವೂ ಇತ್ತು. ಜೊತೆಗೆ ಕೈಯೂ ಕುಶಲ: ಕನ್ನಡಿ ತಾವೇ ಉಜ್ಜಿ ಪ್ರತಿಫಲನ ದೂರದರ್ಶಕ ಮಾಡಿದರು, ಪಟ್ಟಕದಿಂದ ಬಿಳಿ ಬೆಳಕನ್ನು ಬಣ್ಣಗಳಾಗಿ ಬಿಡಿಸಿ ತೋರಿಸಿದರು. ಥಿಯರಿ, ಪ್ರಯೋಗ, ಶುದ್ಧ ಗಣಿತ ಮೂರರಲ್ಲೂ ಮೊದಲ ಸಾಲಿನಲ್ಲಿ ನಿಂತವರು ಬಹಳ ಕಡಿಮೆ. ರಸವಿದ್ಯೆ ಮತ್ತು ಧರ್ಮಗ್ರಂಥಗಳ ಬಗ್ಗೆ ಹತ್ತು ಲಕ್ಷಕ್ಕೂ ಮೀರಿ ಪದ ಬರೆದದ್ದನ್ನು ಹಿಡಿದು ಅವರನ್ನು ಕೆಳಗಿಳಿಸುವುದು ಅನ್ಯಾಯ. ರಸಾಯನಶಾಸ್ತ್ರ ಇನ್ನೂ ಹುಟ್ಟಿರದ ಕಾಲ ಅದು. ಹಾಗಾದರೆ ನ್ಯೂಟನ್‌ರನ್ನೇ ಯಾಕೆ ಆರಿಸಬಾರದು? ಬಹಳ ವರ್ಷ ನಾನೂ ಇಲ್ಲೇ ನಿಲ್ಲಿಸುತ್ತಿದ್ದೆ.

ನನ್ನನ್ನು ಅಲುಗಾಡಿಸಿದ ಪ್ರಶ್ನೆ ಒಂದೇ: ಈ ಮನುಷ್ಯ ಹುಟ್ಟದೇ ಇದ್ದಿದ್ದರೆ ಅದೇ ಕೆಲಸ ಇನ್ನೊಬ್ಬರ ಕೈಯಿಂದ ಎಷ್ಟು ವರ್ಷಕ್ಕೆ ಆಗುತ್ತಿತ್ತು?

ಈ ತಕ್ಕಡಿಯಲ್ಲಿಟ್ಟರೆ ಏನೇನೋ ಏರುಪೇರಾಗುತ್ತದೆ. ನ್ಯೂಟನ್ ಕಂಡುಹಿಡಿದ, ಬದಲಾವಣೆಯನ್ನು ಲೆಕ್ಕ ಹಾಕುವ ಗಣಿತವಾದ ಕ್ಯಾಲ್ಕುಲಸ್ ಜರ್ಮನಿಯ ಲೈಬ್ನಿಜ್ ಕೈಯಲ್ಲೂ ಹುಟ್ಟಿತು, ನ್ಯೂಟನ್‌ಗಿಂತ ಹತ್ತು ವರ್ಷ ತಡವಾಗಿ, ಆದರೆ ಸ್ವಂತ ದಾರಿಯಲ್ಲಿ. ಇವತ್ತು ನಾವು ಬಳಸುವ ಗುರುತುಗಳೂ ಲೈಬ್ನಿಜ್‌ರವೇ. ವರ್ಗದ ನಿಯಮದ ಊಹೆ ಹುಕ್ ಮತ್ತು ಸಂಗಡಿಗರಿಗೆ ಇತ್ತು. ನ್ಯೂಟನ್ ಇಲ್ಲದಿದ್ದರೆ ಪ್ರಿನ್ಸಿಪಿಯಾದಂಥ ಒಂದೇ ದೊಡ್ಡ ಪುಸ್ತಕ ಬರುತ್ತಿರಲಿಲ್ಲ, ಆದರೆ ಅದರ ತುಂಡುಗಳು 50 ವರ್ಷದೊಳಗೆ ನಾಲ್ಕೈದು ಜನರ ಕೈಯಿಂದ ಬರುತ್ತಿದ್ದವು ಅಂತ ನನಗನ್ನಿಸುತ್ತದೆ. ಡಾರ್ವಿನ್ ಅಂತೂ ಕಣ್ಣೆದುರಿನ ಉದಾಹರಣೆ. 1858ರಲ್ಲಿ ಆಲ್‌ಫ್ರೆಡ್ ವಾಲೇಸ್‌ರಿಂದ ಬಂದ ಲೇಖನದಲ್ಲಿ ಡಾರ್ವಿನ್ 20 ವರ್ಷ ಒಳಗಿಟ್ಟುಕೊಂಡಿದ್ದ ನೈಸರ್ಗಿಕ ಆಯ್ಕೆಯ ಯೋಚನೆಯೇ ಇತ್ತು. ಯಾವ ಯಾಂತ್ರಿಕ ವಿಧಾನದಿಂದಲೂ ತೀರ್ಮಾನಿಸಲಾಗದ ಪ್ರಶ್ನೆಗಳು ಗಣಿತದಲ್ಲಿವೆ ಅನ್ನುವ ಟ್ಯೂರಿಂಗ್‌ರ 1936ರ ಉತ್ತರವನ್ನು ಅದೇ ವರ್ಷ ಅಲೊಂಜೊ ಚರ್ಚ್ ಬೇರೆ ದಾರಿಯಲ್ಲಿ ಕಂಡುಕೊಂಡರು. ಇದರಿಂದ ಇವರು ಯಾರೂ ಚಿಕ್ಕವರಾಗುವುದಿಲ್ಲ. ಹಣ್ಣು ಮಾಗಿದ್ದ ಕಾಲದಲ್ಲಿ ಮರದ ಕೆಳಗೆ ನಿಂತಿದ್ದರು, ಎಲ್ಲರಿಗಿಂತ ಮೊದಲು ಕೈ ಚಾಚಿದರು, ಅಷ್ಟೇ. ನನಗೆ ಬೇಕಾಗಿರುವುದು ಹೂವೇ ಬಿಡದ ಕಾಲದಲ್ಲಿ ಹಣ್ಣು ತಂದವರು.

ಹರವು ನೋಡುವವರಿಗೆ

ಎಷ್ಟು ವಿಷಯಗಳಲ್ಲಿ ಕೆಲಸ ಮಾಡಿದರು ಅನ್ನುವುದೇ ನಿಮ್ಮ ಅಳತೆ ಆದರೆ ಲಿಯೊನಾರ್ಡೊ ಅಂತ ಬರೆಯುವ ಮೊದಲು ಸ್ವಲ್ಪ ತಡೆಯಿರಿ. ಅವರ ಟಿಪ್ಪಣಿ ಪುಸ್ತಕಗಳಲ್ಲಿ 7,000ಕ್ಕೂ ಹೆಚ್ಚು ಪುಟ ಉಳಿದಿವೆ. ಹೃದಯದ ಕವಾಟ ಹೇಗೆ ಮುಚ್ಚುತ್ತದೆ ಅಂತ ತಿಳಿಯಲು ಗಾಜಿನ ಮಾದರಿ ಮಾಡಿ, ನೀರು ಹರಿಸಿ, ಸಣ್ಣ ಬೀಜಗಳ ಚಲನೆ ನೋಡುವ ಉಪಾಯ ಬರೆದಿಟ್ಟಿದ್ದಾರೆ. ಕವಾಟದ ಹಿಂದೆ ಏಳುವ ಸುಳಿಗಳೇ ಅದನ್ನು ಮುಚ್ಚಲು ನೆರವಾಗುತ್ತವೆ ಅನ್ನುವ ಅವರ ತೀರ್ಮಾನ 20ನೇ ಶತಮಾನದಲ್ಲಿ ಸರಿ ಅಂತ ಕಂಡಿತು. ಆ ಕಣ್ಣಿಗೆ ಸಮನಾದ ಕಣ್ಣು ಇನ್ನೊಂದಿಲ್ಲ. ಆದರೆ ಅವರು ಯಾವುದನ್ನೂ ಪ್ರಕಟಿಸಲಿಲ್ಲ. ಗಣಿತದಲ್ಲಿ ಹೊಸದೇನೂ ಸಾಧಿಸಲಿಲ್ಲ. ಹಾಗಾಗಿ ವಿಜ್ಞಾನದ ದಾರಿ ಅವರಿಲ್ಲದೆಯೇ ಸಾಗಿತು. ನೋಡುವ ಶಕ್ತಿಗೆ ಲಿಯೊನಾರ್ಡೊ, ಸರಿ. ಕಟ್ಟುವ ಶಕ್ತಿಗೆ ಅಲ್ಲ.

ಹರವಿಗೆ ನನ್ನ ಆಯ್ಕೆ ಅರಿಸ್ಟಾಟಲ್. ಜನ ಅವರನ್ನು ಈಗ ನೆನೆಯುವುದು ತಪ್ಪುಗಳಿಗೆ: ಭಾರದ ವಸ್ತು ಬೇಗ ಬೀಳುತ್ತದೆ ಅಂದರು, ಹೆಂಗಸರಿಗೆ ಹಲ್ಲು ಕಡಿಮೆ ಅಂದರು. ನಿಜ, ಅಂದರು. ಆದರೆ ತರ್ಕಶಾಸ್ತ್ರವನ್ನು ಒಂದು ಶಾಸ್ತ್ರವಾಗಿ ನಿಲ್ಲಿಸಿದ್ದೂ ಅವರೇ, ಪ್ರಾಣಿಗಳನ್ನು ಸೀಳಿ ನೋಡಿ ಜೀವಶಾಸ್ತ್ರ ಶುರು ಮಾಡಿದ್ದೂ ಅವರೇ. ಒಂದು ಜಾತಿಯ ಚಿಕ್ಕ ಶಾರ್ಕ್‌ನಲ್ಲಿ ಮರಿಗೆ ಹೊಕ್ಕುಳಬಳ್ಳಿಯಂಥ ಸಂಪರ್ಕ ಇರುತ್ತದೆ ಅಂತ ಬರೆದಿದ್ದರು. ಅದು ಸರಿ ಅಂತ ಗಟ್ಟಿಯಾದದ್ದು 1842ರಲ್ಲಿ, ಯೋಹಾನೆಸ್ ಮ್ಯುಲರ್ ಮತ್ತೆ ಸೀಳಿ ನೋಡಿದ ಮೇಲೆ. ತರ್ಕದಲ್ಲಿ ಅರಿಸ್ಟಾಟಲ್ ನಂತರ ಒಂದು ಹೆಜ್ಜೆಯೂ ಮುಂದೆ ಇಡಲು ಆಗಿಲ್ಲ ಅಂತ ಇಮ್ಯಾನುಯೆಲ್ ಕಾಂಟ್ 1787ರಲ್ಲಿ ಬರೆದರು. ಅದು ಪೂರ್ತಿ ಸರಿಯಲ್ಲ, ಆದರೆ 2,000 ವರ್ಷ ಆದ ಮೇಲೂ ಅಂಥ ಮಾತು ಬರಬೇಕಾದರೆ ಆ ಕಟ್ಟಡ ಎಷ್ಟು ಗಟ್ಟಿ ಇದ್ದಿರಬೇಕು ನೋಡಿ.

ಎಷ್ಟು ಬರೆದರು ಅಂತ ಕೇಳಿದರೆ ಗಣಿತಜ್ಞ ಆಯ್ಲರ್. ಅವರ ಕೃತಿಗಳ ಪಟ್ಟಿಯಲ್ಲಿ 866 ಇವೆ, ಪೂರ್ತಿ ಕುರುಡಾದ ಮೇಲೆಯೂ ಬಾಯಲ್ಲಿ ಹೇಳಿ ಬರೆಸಿದರು. ಗಾಸ್ ಇದರ ಎದುರು ದಿಕ್ಕು, ಮಾಗದೆ ಏನನ್ನೂ ಹೊರಗೆ ಬಿಡುತ್ತಿರಲಿಲ್ಲ. 1801ರ ಜನವರಿ 1ರಂದು ಕಂಡು, 41 ದಿನದಲ್ಲೇ ಕಳೆದುಹೋದ ಸೆರೆಸ್ ಎಂಬ ಕುಬ್ಜಗ್ರಹ ಎಲ್ಲಿ ಸಿಗುತ್ತದೆ ಅಂತ 24 ವರ್ಷದ ಗಾಸ್ ಲೆಕ್ಕ ಹಾಕಿ ಹೇಳಿದರು, ಡಿಸೆಂಬರ್‌ನಲ್ಲಿ ಅದು ಅಲ್ಲೇ ಸಿಕ್ಕಿತು. ಶುದ್ಧ ಗಣಿತದ ಮಟ್ಟಿಗೆ ವಾದ ಇವರಿಬ್ಬರ ನಡುವೆ ಅಂತ ಬಹಳ ಜನ ಹೇಳುತ್ತಾರೆ.

ಬಾಗಿಲು ಮುಚ್ಚಿದ್ದರೂ ಒಳಗೆ ಬಂದವರು

ಕೆಲವರಿಗೆ ಎಲ್ಲಿಂದ ಎಲ್ಲಿಗೆ ಬಂದರು ಅನ್ನುವುದೇ ಅಳತೆ. ಅದನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಗಣಿತಜ್ಞೆ ಎಮ್ಮಿ ನೋಥರ್ ಅವರನ್ನೇ ನೋಡಿ. ಹಿಲ್ಬರ್ಟ್ ಮತ್ತು ಕ್ಲೈನ್ 1915ರಲ್ಲಿ ಗೋಟಿಂಗೆನ್‌ಗೆ ಕರೆಸಿಕೊಂಡರೂ, ಹೆಣ್ಣು ಅನ್ನುವ ಕಾರಣಕ್ಕೆ ಪಾಠ ಹೇಳುವ ಹಕ್ಕು ಸಿಗಲಿಲ್ಲ. 1919ರವರೆಗೆ ಅವರ ತರಗತಿಗಳು ಹಿಲ್ಬರ್ಟ್ ಹೆಸರಿನಲ್ಲಿ ನಡೆದವು, ಸಂಬಳವೂ ಇಲ್ಲ. ಆ ನಡುವೆಯೇ 1918ರಲ್ಲಿ ಬಂದ ಅವರ ಪ್ರಮೇಯ ಹೇಳುವುದೇನು ಗೊತ್ತಾ? ನಿಸರ್ಗದ ನಿಯಮ ಇವತ್ತಿಗೂ ನಾಳೆಗೂ ಒಂದೇ ಆಗಿದ್ದರೆ ಶಕ್ತಿ ಉಳಿಯಲೇಬೇಕು, ಇಲ್ಲಿಗೂ ಅಲ್ಲಿಗೂ ಒಂದೇ ಆಗಿದ್ದರೆ ಸಂವೇಗ ಉಳಿಯಲೇಬೇಕು. ಒಂದೊಂದು ಸಮಮಿತಿಗೂ ಒಂದೊಂದು ಉಳಿಕೆಯ ನಿಯಮ. ಇಂದಿನ ಕಣಭೌತಶಾಸ್ತ್ರ ಈ ಯೋಚನೆಯ ಮೇಲೆ ನಿಂತಿದೆ.

ರಾಮಾನುಜನ್ ವಿಷಯದಲ್ಲಿ ಬಡತನದ ಕಥೆ ಎಷ್ಟು ದೊಡ್ಡದಾಗಿದೆ ಅಂದರೆ ಗಣಿತವೇ ಮರೆಯಾಗಿಬಿಟ್ಟಿದೆ. ನಾನು ಕೇಳುವ ಪ್ರಶ್ನೆಗೆ ಅವರ ಉತ್ತರ ಬಹಳ ಬಲವಾದದ್ದು. 1920ರಲ್ಲಿ, ಸಾಯುವ ಕೆಲವೇ ತಿಂಗಳ ಮುಂಚೆ, ಇಂಗ್ಲೆಂಡಿನ ಗಣಿತಜ್ಞ ಹಾರ್ಡಿಗೆ ಬರೆದ ಕೊನೆಯ ಕಾಗದದಲ್ಲಿ ಮಾಕ್ ಥೀಟಾ ಫಂಕ್ಷನ್ ಅಂತ ಹೊಸದೊಂದು ಬಗೆಯ ಫಂಕ್ಷನ್‌ಗಳನ್ನು ಪಟ್ಟಿ ಮಾಡಿದ್ದರು. ಅವು ನಿಜವಾಗಿ ಏನು ಅಂತ ಗಣಿತಜ್ಞರಿಗೆ ಸ್ಪಷ್ಟವಾದದ್ದು 2002ರಲ್ಲಿ, ಸ್ವೇಗರ್ಸ್ ಎಂಬುವರ ಪಿಎಚ್‌ಡಿ ಪ್ರಬಂಧದಿಂದ. ನೂರಾರು ಗಣಿತಜ್ಞರು ಇದ್ದ ಕಾಲದಲ್ಲೂ 82 ವರ್ಷ ಮುಂದಿದ್ದರು. ನ್ಯೂಟನ್‌ಗೆ ಸಿಗದ ಅಂಕ ಇಲ್ಲಿ ರಾಮಾನುಜನ್‌ಗೆ ಸಿಗುತ್ತದೆ. ಆದರೆ ಅವರ ಕೆಲಸ ಗಣಿತದ ಒಂದು ಭಾಗಕ್ಕೆ ಸೇರಿದ್ದು, ಜಗತ್ತನ್ನು ನೋಡುವ ರೀತಿಯನ್ನೇ ಬದಲಿಸುವಂಥದ್ದಲ್ಲ. ನಾನು ಅವರನ್ನು ಮೊದಲ ಐದರಲ್ಲಿ ಇಡುತ್ತೇನೆ, ಮೊದಲ ಸ್ಥಾನದಲ್ಲಿ ಅಲ್ಲ. ಇದನ್ನು ಬರೆಯುವಾಗ ಕೈ ಸ್ವಲ್ಪ ತಡೆಯುತ್ತದೆ, ಆದರೂ ಹಾಗೇ ಅನ್ನಿಸುತ್ತದೆ.

ಕೊನೆಗೆ ಉಳಿದ ಇಬ್ಬರು

ನನ್ನ ತಕ್ಕಡಿಯಲ್ಲಿ ಕೊನೆಗೆ ಉಳಿಯುವುದು ಪಾಣಿನಿ ಮತ್ತು ಆರ್ಕಿಮಿಡೀಸ್. ಇಬ್ಬರೂ 2,200 ವರ್ಷಕ್ಕಿಂತ ಹಿಂದಿನವರು.

ಪಾಣಿನಿ ಮಾಡಿದ್ದು ಬರೀ ವ್ಯಾಕರಣ ಅಂದುಕೊಂಡರೆ ಅದರ ತೂಕ ಗೊತ್ತಾಗುವುದಿಲ್ಲ. ಸುಮಾರು 4,000 ಸೂತ್ರಗಳು, 8 ಅಧ್ಯಾಯ. ಪ್ರತಿ ಸೂತ್ರವೂ ಒಂದು ಆಜ್ಞೆ: ಇದು ಬಂದಾಗ ಇದರ ಜಾಗದಲ್ಲಿ ಅದನ್ನಿಡು. ಧಾತು ಮತ್ತು ಪ್ರತ್ಯಯ ಒಳಗೆ ಹಾಕಿದರೆ, ಸೂತ್ರಗಳು ಒಂದರ ಹಿಂದೆ ಒಂದು ಕೆಲಸ ಮಾಡಿ ಸರಿಯಾದ ಪದ ಹೊರಗೆ ಬರುತ್ತದೆ. ಎರಡು ಸೂತ್ರ ಒಂದೇ ಜಾಗಕ್ಕೆ ಜಗಳ ಆಡಿದರೆ ಏನು ಮಾಡಬೇಕು ಅನ್ನುವುದಕ್ಕೂ ಒಂದು ಸೂತ್ರ. ಭಾಷೆಯ ಶಬ್ದಗಳನ್ನು 14 ಸಾಲಿನಲ್ಲಿ ಹೇಗೆ ಜೋಡಿಸಲಾಗಿದೆ ಅಂದರೆ ಎರಡೇ ಅಕ್ಷರ ಹೇಳಿ ಬೇಕಾದ ಇಡೀ ಗುಂಪನ್ನು ಕರೆಯಬಹುದು. ಇದು ಪ್ರೋಗ್ರಾಂ ಬರೆಯುವವರು ನೋಡಿದ ಕೂಡಲೇ ಗುರುತಿಸುವ ಯೋಚನೆ. ಕಂಪ್ಯೂಟರ್ ಭಾಷೆಗಳ ನಿಯಮ ಬರೆಯಲು ಇದನ್ನು ಹೋಲುವ ಪದ್ಧತಿ ಬಂದದ್ದು 1959ರ ಹೊತ್ತಿಗೆ. 1967ರಲ್ಲಿ ಪೀಟರ್ ಇಂಗರ್‌ಮನ್ ಅದಕ್ಕೆ ಪಾಣಿನಿಯ ಹೆಸರೂ ಸೇರಲಿ ಅಂತ ಸಲಹೆ ಕೊಟ್ಟರು. ಲೆಕ್ಕ ಹಾಕಿದರೆ 2,300 ವರ್ಷದ ಅಂತರ.

ಹಾಗಾದರೆ ಪಾಣಿನಿಯೇ ಮೊದಲು ಅಲ್ವಾ? ಇಲ್ಲಿ ನನಗೆ ಒಂದೇ ತೊಡಕು. ಪಾಣಿನಿ ತಾವೇ ಶಾಕಟಾಯನ, ಗಾರ್ಗ್ಯ, ಶಾಕಲ್ಯ ಮುಂತಾದ 10 ಜನ ಹಿಂದಿನ ವೈಯಾಕರಣರ ಹೆಸರು ಹೇಳುತ್ತಾರೆ. ಅವರ ವ್ಯಾಕರಣ ಗ್ರಂಥಗಳು ಉಳಿದಿಲ್ಲ. ಈ ಕಟ್ಟಡದಲ್ಲಿ ಎಷ್ಟು ಇಟ್ಟಿಗೆ ಅವರದು, ಎಷ್ಟು ಪಾಣಿನಿಯದು ಅಂತ ಬೇರ್ಪಡಿಸಲು ದಾರಿ ಇಲ್ಲ. ಪಾಣಿನಿಯ ಕೃತಿ ಅಷ್ಟು ಚೆನ್ನಾಗಿತ್ತು, ಅದು ಬಂದ ಮೇಲೆ ಉಳಿದವನ್ನು ಯಾರೂ ಓದಲಿಲ್ಲ.

ಆರ್ಕಿಮಿಡೀಸ್ ವಿಷಯದಲ್ಲಿ ಆ ತೊಡಕು ಇಲ್ಲ, ಯಾಕಂದರೆ ಅವರೇ ಲೆಕ್ಕ ಇಟ್ಟಿದ್ದಾರೆ. ಶಂಕುವಿನ ಘನಫಲದ ಶ್ರೇಯಸ್ಸು ಬಂದಾಗ, ಸಾಧಿಸಿದ್ದು ಯೂಡಾಕ್ಸಸ್, ಆದರೆ ಮೊದಲು ಹೇಳಿದ ಡೆಮೊಕ್ರಿಟಸ್‌ಗೂ ಪಾಲು ಸಲ್ಲಬೇಕು ಅಂತ ಬರೆಯುತ್ತಾರೆ. ತನ್ನದು ಯಾವುದು, ಬೇರೆಯವರದು ಯಾವುದು ಅನ್ನುವುದರಲ್ಲಿ ಅಷ್ಟು ಪ್ರಾಮಾಣಿಕ. ಅದೇ ಮನುಷ್ಯ, ಸಾಧನೆ ತೋರಿಸದೆ ಎಲ್ಲ ತಮಗೂ ಗೊತ್ತಿತ್ತು ಅನ್ನುವವರು ಸಿಕ್ಕಿಬೀಳಲಿ ಅಂತ, ಕಳಿಸಿದ ಪ್ರಮೇಯಗಳ ನಡುವೆ ಬೇಕೆಂದೇ ತಪ್ಪಾದವನ್ನೂ ಸೇರಿಸಿದ್ದರು.

ಬಚ್ಚಲಿನಿಂದ ಎದ್ದು ಓಡಿದ ಕಥೆ ಅವರು ಸತ್ತು ಸುಮಾರು 200 ವರ್ಷ ಆದ ಮೇಲೆ ರೋಮಿನ ವಾಸ್ತುಶಿಲ್ಪಿ ವಿಟ್ರೂವಿಯಸ್ ಬರೆದದ್ದು, ಅದನ್ನು ಬಿಟ್ಟುಬಿಡಿ. ನೋಡಬೇಕಾದದ್ದು ಗೋಳದ ಲೆಕ್ಕ. ಗೋಳದ ಘನಫಲ ಅದನ್ನು ಸರಿಯಾಗಿ ಒಳಗೊಳ್ಳುವ ಸಿಲಿಂಡರಿನ ಮೂರರಲ್ಲಿ ಎರಡು ಭಾಗ. ಇದನ್ನು ಹೇಗೆ ಕಂಡುಕೊಂಡರು? ಗೋಳವನ್ನು, ಸಿಲಿಂಡರನ್ನು, ಶಂಕುವನ್ನು ತೆಳ್ಳಗಿನ ಹಾಳೆಗಳ ಹಾಗೆ ಕತ್ತರಿಸಿದಂತೆ ಮನಸ್ಸಿನಲ್ಲೇ ಊಹಿಸಿ, ಆ ಹಾಳೆಗಳನ್ನು ಒಂದು ತಕ್ಕಡಿಗೆ ತೂಗುಹಾಕಿ, ಸಮ ಬರುವುದನ್ನು ನೋಡಿದರು. ಸನ್ನೆಗೋಲಿನ ನಿಯಮವೂ ಅವರೇ ಸಾಧಿಸಿದ್ದು. ಭೌತಶಾಸ್ತ್ರ ಬಳಸಿ ಗಣಿತ ಕಂಡುಹಿಡಿದರು, ಆಮೇಲೆ ಅದಕ್ಕೆ ಬೇರೆಯೇ ಆದ, ಒಂದು ಬಿರುಕೂ ಇಲ್ಲದ ಸಾಧನೆ ಕೊಟ್ಟರು. 96 ಭುಜದ ಆಕೃತಿ ಹಿಡಿದು ಪೈ ಬೆಲೆ 223/71ಕ್ಕಿಂತ ಜಾಸ್ತಿ, 22/7ಕ್ಕಿಂತ ಕಡಿಮೆ ಅಂತ ತೋರಿಸಿದರು. ದಶಮಾಂಶ ಇಲ್ಲ, ಸೊನ್ನೆ ಇಲ್ಲ, ಬೀಜಗಣಿತದ ಗುರುತು ಒಂದೂ ಇಲ್ಲ. ತೇಲುವ ವಸ್ತು ಯಾವಾಗ ಮಗುಚುತ್ತದೆ ಅನ್ನುವುದರ ಮೇಲೆ ಇಡೀ ಒಂದು ಪುಸ್ತಕ ಬರೆದರು.

ಈಗ ನನ್ನ ಪ್ರಶ್ನೆ ಹಾಕಿ ನೋಡಿ. ಗೋಳದ ಈ ಉತ್ತರ ಇನ್ನೊಬ್ಬರಿಗೆ ಸ್ವಂತವಾಗಿ ಸಿಗಲು ಎಷ್ಟು ಕಾಲ ಬೇಕಾಯಿತು? ಚೀನಾದಲ್ಲಿ 3ನೇ ಶತಮಾನದ ಲಿಯು ಹುಯಿ ಪ್ರಯತ್ನಪಟ್ಟು, ತನ್ನ ಕೈಲಿ ಆಗಲಿಲ್ಲ, ಮುಂದೆ ಬರುವವರಿಗೆ ಬಿಡುತ್ತೇನೆ ಅಂತ ಪ್ರಾಮಾಣಿಕವಾಗಿ ಬರೆದಿಟ್ಟರು. ಅಲ್ಲಿಯೇ ಝು ಚೊಂಗ್‌ಝಿ ಮತ್ತು ಅವರ ಮಗ ಝು ಗೆಂಗ್ 5ನೇ ಶತಮಾನದ ಹೊತ್ತಿಗೆ ಅದನ್ನು ಬಿಡಿಸಿದರು, ಅವರೂ ಹಾಳೆಗಳಾಗಿ ಕತ್ತರಿಸಿಯೇ. ಅಂದರೆ ಸುಮಾರು 700 ವರ್ಷ. ಯುರೋಪಿನಲ್ಲಿ ಕವಲಿಯೆರಿ ಇಂಥ ಹಾಳೆಗಳ ವಿಧಾನವನ್ನು ಪ್ರಕಟಿಸಿದ್ದು 1635ರಲ್ಲಿ, ಆರ್ಕಿಮಿಡೀಸ್ ಸತ್ತು 1,800 ವರ್ಷ ದಾಟಿದ ಮೇಲೆ. ನ್ಯೂಟನ್ ಮತ್ತು ಲೈಬ್ನಿಜ್ ನಡುವಿನ ಅಂತರ 10 ವರ್ಷ. ಇದನ್ನು ಮೊದಲ ಸಲ ಅಕ್ಕಪಕ್ಕ ಬರೆದು ನೋಡಿದಾಗ ನನ್ನ ನ್ಯೂಟನ್ ವಾದ ಮುಗಿಯಿತು.

ತಕ್ಕಡಿಯ ವಿಧಾನ ಬರೆದಿದ್ದ ಕೃತಿಯಂತೂ ಕಳೆದೇ ಹೋಗಿತ್ತು. 10ನೇ ಶತಮಾನದಲ್ಲಿ ಯಾರೋ ನಕಲು ಮಾಡಿದ ಚರ್ಮದ ಹಾಳೆಗಳನ್ನು 13ನೇ ಶತಮಾನದಲ್ಲಿ ಕೆರೆದು, ಅದರ ಮೇಲೆ ಪ್ರಾರ್ಥನೆಗಳನ್ನು ಬರೆದಿದ್ದರು. 1906ರಲ್ಲಿ ಡೆನ್ಮಾರ್ಕ್‌ನ ವಿದ್ವಾಂಸ ಹೈಬರ್ಗ್ ಕಾನ್‌ಸ್ಟಾಂಟಿನೋಪಲ್‌ನಲ್ಲಿ ಆ ಪುಸ್ತಕ ಕೈಗೆತ್ತಿಕೊಂಡು, ಪ್ರಾರ್ಥನೆಯ ಸಾಲುಗಳ ಅಡಿಯಲ್ಲಿ ಮಸುಕಾಗಿ ಕಾಣುತ್ತಿದ್ದ ಅಕ್ಷರ ಯಾರದು ಅಂತ ಗುರುತಿಸಿದರು. 1998ರಲ್ಲಿ ಅದು ನ್ಯೂಯಾರ್ಕ್‌ನಲ್ಲಿ 20 ಲಕ್ಷ ಡಾಲರ್‌ಗೆ ಹರಾಜಾಯಿತು, ಆಮೇಲೆ ಎಕ್ಸ್‌ರೇ ಹಾಯಿಸಿ ಉಳಿದ ಸಾಲುಗಳನ್ನೂ ಓದಿದರು.

ಹಾಗಾಗಿ ನನ್ನ ಪಟ್ಟಿ ಆರ್ಕಿಮಿಡೀಸ್, ಪಾಣಿನಿ, ಐನ್‌ಸ್ಟೈನ್, ನ್ಯೂಟನ್, ರಾಮಾನುಜನ್, ಇದೇ ಕ್ರಮದಲ್ಲಿ. ಮೊದಲ ಎರಡು ಹೆಸರು ಅದಲು ಬದಲು ಮಾಡುವವರ ಜೊತೆ ನಾನು ವಾದಕ್ಕೆ ಹೋಗುವುದಿಲ್ಲ. ಶಾಕಟಾಯನರ ಒಂದು ಪುಸ್ತಕ ನಾಳೆ ಎಲ್ಲಾದರೂ ಸಿಕ್ಕಿ, ಅದರಲ್ಲಿ ಪಾಣಿನಿಯ ಜಾಣ್ಮೆ ಇಲ್ಲ ಅಂತ ಕಂಡರೆ, ಆ ಅದಲು ಬದಲನ್ನು ನಾನೇ ಮಾಡುತ್ತೇನೆ.